ಸಹಾಯ ಬೇಕು: ಆತಕೂರು ವೀರಗಲ್ಲಿನ ಪ್ರತಿಕೃತಿಯ ಬಗ್ಗೆ

ಸದಸ್ಯರಿಗೆ ನಮಸ್ಕಾರ.

ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನೆಂಬ ವೀರನು ಬಹುಮಾನವಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯು ಹಂದಿಯೊಡನೆ ಕಾದಾಡಿ ಮಡಿದದ್ದನ್ನು ಸಾರುವ ಆತಕೂರಿನ ವೀರಗಲ್ಲು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ, ಹಂದಿ ಎರಡನ್ನೂ ಕಲ್ಲಿನ ಮೇಲೆ ಸ್ಪಷ್ಟವಾಗಿ ಕಾಣಬಹುದು. ಮೂಲ ಕಲ್ಲು ಸುರಕ್ಷಿತವಾಗಿ ಅಲ್ಲಿಯೇ ಇರಲಿ ಎಂಬುದೇ ನನ್ನ ಅಭಿಪ್ರಾಯ. ಆದರೆ ಅದು ದೊರೆತ ಮದ್ದೂರು ತಾಲ್ಲೂಕಿನ ಶಾಲಾ ಮಕ್ಕಳಿಗಾಗಿ ಅದರ ಪ್ರತಿಕೃತಿಯೊಂದನ್ನು, ಶಾಸನದ ಸರಳ ಹೊಸಗನ್ನಡ ಪಾಠದೊಂದಿಗೆ, ಊರಿನ ಕಡೆಯೇ ಇರಿಸಬೇಕೆಂದು ನಾವು ಕೆಲವರು ಯೋಚಿಸಿದ್ದೇವೆ.

ಇದಕ್ಕೆ ಪುರಾತತ್ತ್ವ ಇಲಾಖೆಯ ಅನುಮತಿ ಪಡೆಯಲು ಅರ್ಜಿಯನ್ನು ಯಾರಿಗೆ, ಯಾವ ದಾಖಲೆಗಳೊಂದಿಗೆ ಸಲ್ಲಿಸಬೇಕು? ಕಲ್ಲನ್ನು ಮುಟ್ಟದೆ ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿಸಿದ ಅನುಭವವುಳ್ಳವರು (ವೆಚ್ಚದ ಅಂದಾಜೂ ಸೇರಿದಂತೆ) ದಯವಿಟ್ಟು ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.