ಎಲ್ಲಾ ದೇವರ ಕೈಯಲ್ಲಿದೆ ಅಂದ್ರೆ ಇದನ್ನೂ ಅವನೇ ಕಳಿಸಿದ್ನಾ?

ಸೋಮವಾರಪೇಟೆ_ಸಿಸ್ಟರ್:

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆ. ನಮ್ಮೆಜಮಾನ್ರು ಎಸ್ಟೇಟಲ್ಲಿ ರೈಟರ್ ಆಗಿದ್ರು, ಎರಡು ಕಿಡ್ನೀನೂ ಹೋಗಿ ಈಗ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮಡಿಕೇರಿಗೆ ಕರ್ಕೊಂಡು ಹೋಗ್ಬೇಕು, ಕೆಲ್ಸ ಬಿಟ್ಟಾಯ್ತು, ನಮ್ದು ಅಂತ ಇರೋ ಸ್ವಲ್ಪ ರೋಬಸ್ಟಾ ಕಾಫಿ ಕುಯ್ದು ಕಣದಲ್ಲಿ ಹರಡಿದ್ವಿ, ಅಕಾಲ ಮಳೆ ಬಂದು ಟಾರ್ಪಾಲ್ ಎಳೆಯೋಷ್ಟರಲ್ಲಿ ಎಲ್ಲಾ ನೆಂದು ಬೂಷ್ಟು ಹಿಡೀತು. ವ್ಯಾಪಾರಿ ಒಂದು ಹಿಡಿ ತಗೊಂಡು ಮೂಸಿ ನೋಡಿ ಏನೂ ಹೇಳದೆ ವಾಪಸ್ ಹಾಕ್ಬಿಟ್ರು.

ಪ್ರಾರ್ಥನೆಗೆ ಬರೋರಲ್ಲಿ ಒಬ್ಬರು ದೇವರ ಚಿತ್ತ, ಅಳ್ಬೇಡಿ, ಅತ್ರೆ ಅವಿಶ್ವಾಸ ಅಂತಾರೆ. ಇನ್ನೊಬ್ರು ಮನೇಲಿ ಏನೋ ಗುಪ್ತ ಪಾಪ ಇರ್ಬೇಕು ಅಂದ್ರು. ಮೊನ್ನೆ ಒಬ್ರು ನಿಜವಾದ ನಂಬಿಕೆ ಇದ್ರೆ ಡಯಾಲಿಸಿಸ್ ಯಾಕೆ ಅಂದಾಗಿಂದ ನಮ್ಮೆಜಮಾನ್ರು ಮಾತೇ ಕಮ್ಮಿ ಮಾಡಿದಾರೆ. ದೇವರು ಸಾರ್ವಭೌಮ ಅಂತ ನಾನು ಚಿಕ್ಕೋಳಿದ್ದಾಗಿಂದ ನಂಬಿದೀನಿ, ಈಗ್ಲೂ ನಂಬ್ತೀನಿ, ಆದ್ರೆ ಆ ಮಾತು ಕೇಳಿದ್ರೆ ಮೊದ್ಲು ಧೈರ್ಯ ಬರ್ತಿತ್ತು ಈಗ ಭಯ ಆಗತ್ತೆ. ನಾನು ಹೇಗೆ ಪ್ರಾರ್ಥನೆ ಮಾಡ್ಲಿ?

ಕುಶಾಲನಗರ_ಬ್ರದರ್:

ಸಿಸ್ಟರ್ ಮೊದಲನೇದಾಗಿ, ಡಯಾಲಿಸಿಸ್ ಒಂದು ದಿನಾನೂ ತಪ್ಪಿಸ್ಬೇಡಿ, ಯಾರೇ ಹೇಳ್ಲಿ. ಬೈಬಲಲ್ಲಿ 2 ಅರಸು 20ನೇ ಅಧ್ಯಾಯ ಅಣ್ಣಂಗೆ ಓದಿ ಹೇಳಿ. ಹಿಜ್ಕೀಯ ರಾಜ ಸಾಯೋ ಸ್ಥಿತೀಲಿ ಗೋಡೆ ಕಡೆ ಮುಖ ತಿರುಗಿಸಿ ಬಿಕ್ಕಿಬಿಕ್ಕಿ ಅಳ್ತಾನೆ, ದೇವರು ಅವನಿಗೆ ಅವಿಶ್ವಾಸಿ ಅನ್ನಲ್ಲ, ನಿನ್ನ ಕಣ್ಣೀರು ನೋಡಿದೀನಿ ಅಂತಾನೆ, ಇನ್ನೂ 15 ವರ್ಷ ಆಯಸ್ಸು ಕೊಡ್ತೀನಿ ಅಂತಾನೆ. ಮಾತು ಕೊಟ್ಟಿದ್ದು ದೇವರೇ, ಆದ್ರೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತಂದು ಹುಣ್ಣಿನ ಮೇಲೆ ಕಟ್ಟೋಕೆ ಹೇಳ್ತಾನೆ. ಕಣ್ಣೀರೂ ಇದೆ ಔಷಧೀನೂ ಇದೆ, ಎರಡೂ ಅದೇ ಅಧ್ಯಾಯದಲ್ಲಿ. ಕಾಫಿ ಹೂ ಬಿಡೋಕೆ ಬೇಕಾದ ಹೂ ಮಳೆ ಬರದಿದ್ರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕ್ತೀವಲ್ಲ, ಅದನ್ನ ಯಾರಾದ್ರೂ ಅಪನಂಬಿಕೆ ಅಂದಿದಾರಾ.

ಗುಪ್ತ ಪಾಪ ಅಂದವ್ರಿಗೆ ಲೂಕ 13. ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಾಗ ಅವರು ಜೆರೂಸಲೇಮಿನ ಬೇರೆಯವರಿಗಿಂತ ದೊಡ್ಡ ತಪ್ಪಿತಸ್ಥರಾ ಅಂತ ಯೇಸುವೇ ಕೇಳಿ, ಅಲ್ಲ ಅಂತ ಯೇಸುವೇ ಉತ್ತರ ಕೊಟ್ಟಿದಾನೆ. ಅವನು ಅಲ್ಲ ಅಂದಮೇಲೆ ಹೌದು ಅನ್ನೋಕೆ ಇವರ್ಯಾರು?

ಜಂಬೂರು_ನಿವಾಸಿ:

ಅಕ್ಕ, ನಮ್ಮೂರು ಮಕ್ಕಂದೂರು ಕಡೆ. 2018ರ ಆಗಸ್ಟಲ್ಲಿ ಬೆಟ್ಟ ಕುಸಿದು ಮನೆ ತೋಟ ಎರಡೂ ಹೋಯ್ತು, ಈಗ ಜಂಬೂರಿನ ಪುನರ್ವಸತಿ ಮನೇಲಿದೀವಿ. ಪಹಣೀಲಿ ಇವತ್ತಿಗೂ ನಮ್ಮಪ್ಪನ ಹೆಸ್ರಲ್ಲಿ ಜಾಗ ಇದೆ, ಕಾಫಿ ಅಂತ ಬೆಳೆ ಕಾಲಂನಲ್ಲಿ ಬರ್ದಿದೆ, ಹೋಗಿ ನೋಡಿದ್ರೆ ಕೆಂಪು ಮಣ್ಣಿನ ಜಾರು ಬಿಟ್ರೆ ಏನಿಲ್ಲ. ಕ್ಯಾಂಪಲ್ಲಿದ್ದಾಗ ಇದು ಕೊಡಗಿನ ಮೇಲೆ ದೇವರ ನ್ಯಾಯತೀರ್ಪು ಅಂತ ಹೇಳೋಕೂ ಜನ ಬಂದಿದ್ರು, ಅಮ್ಮ ಎದ್ದು ಆಚೆ ಹೋಗ್ಬಿಟ್ರು. ಆಮೇಲೆ ಒಬ್ಬರು ವಯಸ್ಸಾದ ಅಯ್ಯನೋರು ಬಂದು ನಮ್ಮ ಚಾಪೆ ಮೇಲೇ ಕೂತು, ಊಟ ಆಯ್ತಾ ಅಂತ ಕೇಳಿ, 46ನೇ ಕೀರ್ತನೆ ಓದಿ ಎದ್ದು ಹೋದ್ರು, ಪ್ರಸಂಗ ಏನೂ ಮಾಡ್ಲಿಲ್ಲ. ಬೆಟ್ಟಗಳು ಸಮುದ್ರದಲ್ಲಿ ಬಿದ್ರೂ ನಮಗೆ ಭಯ ಇಲ್ಲ ಅನ್ನೋ ಕೀರ್ತನೆ ಅದು. ನಮ್ಗೆ ಬೆಟ್ಟ ಬೀಳೋದು ಕಣ್ಣಾರೆ ಕಂಡಿದ್ದು. ಬೆಟ್ಟ ಬೀಳಲ್ಲ ಅಂತ ಆ ಕೀರ್ತನೇಲಿ ಎಲ್ಲೂ ಮಾತು ಕೊಟ್ಟಿಲ್ಲ ಅನ್ನೋದನ್ನ ನಾನು ಅವತ್ತೇ ಗಮನಿಸಿದ್ದು, ಬಿದ್ರೂ ಆಶ್ರಯ ಇರತ್ತೆ ಅಂತ ಅಷ್ಟೇ ಇದೆ.

ಯಾಕೆ ಬಿತ್ತು ಅಂತ ನಂಗೆ ಇನ್ನೂ ಗೊತ್ತಿಲ್ಲ ಅಕ್ಕ. ಗೊತ್ತಿಲ್ಲದೇನೇ ನಂಬ್ತಿದೀನಿ.

ಗೋಣಿಕೊಪ್ಪ_ಟೀಚರ್:

ನನಗನಿಸೋದು, ದೇವರು ಕಾಯಿಲೆ ಕಳಿಸಲ್ಲ, ಬರೋಕೆ ಬಿಡ್ತಾನೆ ಅಷ್ಟೇ. ತಪ್ಪೇನೂ ಮಾಡದೆ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡ ಯೋಬನ ಕತೇಲೂ ಹೊಡೆದಿದ್ದು ಸೈತಾನ.

ಕುಶಾಲನಗರ_ಬ್ರದರ್:

ಟೀಚರ್ ಹೊಡೆದಿದ್ದು ಸೈತಾನನೇ ಒಪ್ತೀನಿ, ಆದ್ರೆ ಯೋಬ ಸೈತಾನ ಕಿತ್ಕೊಂಡ ಅನ್ನಲ್ಲ, ಯೆಹೋವನೇ ಕೊಟ್ಟ ಯೆಹೋವನೇ ತಗೊಂಡ ಅಂತಾನೆ. ನನಗೆ ಅದೇ ಸಮಾಧಾನ. ದೇವರ ಕೈ ಮೀರಿ ಆಗಿದ್ದು ಅಂದ್ರೆ ನಾನು ಯಾರ ಹತ್ರ ಹೋಗಿ ಕೇಳ್ಲಿ? ಅವನ ಕೈಲಿದೆ ಅಂತ ಇರೋದಕ್ಕೇ ಯೋಬ ಅಷ್ಟು ಅಧ್ಯಾಯ ಅವನ ಹತ್ರಾನೇ ಜಗಳ ಆಡ್ತಾನೆ, ಕೊನೇಲಿ 42:7ರಲ್ಲಿ ದೇವರು ಬೈಯೋದು ಉಪದೇಶ ಮಾಡಿದ ಸ್ನೇಹಿತರಿಗೆ, ನನ್ನ ದಾಸ ಯೋಬನ ಹಾಗೆ ನೀವು ಸರಿಯಾಗಿ ಮಾತಾಡ್ಲಿಲ್ಲ ಅಂತ. ಸಿಸ್ಟರ್ ನೀವು ಕೇಳಿದ್ರಲ್ಲ ಹೇಗೆ ಪ್ರಾರ್ಥನೆ ಮಾಡ್ಲಿ ಅಂತ, 13ನೇ ಕೀರ್ತನೆ ಥರ ಮಾಡಿ, ಎಷ್ಟರ ತನಕ ಕರ್ತನೇ ಅಂತ ದಾವೀದ ನೇರ ಕೇಳ್ತಾನೆ. 88ನೇದಂತೂ ಕತ್ತಲೆ ಅನ್ನೋ ಮಾತಲ್ಲೇ ಮುಗಿಯತ್ತೆ, ಸಮಾಧಾನದ ಒಂದು ಸಾಲೂ ಇಲ್ಲ, ಆದ್ರೂ ಅದು ಪ್ರಾರ್ಥನೇನೇ, ಬೈಬಲಲ್ಲಿ ಉಳ್ಕೊಂಡಿದೆ.

ವಿರಾಜಪೇಟೆ_ಕಥೋಲಿಕ:

ತಂಗಿ, ಎಲ್ಲರೂ ಯೋಸೇಫನ್ನ ತೋರಿಸಿ ಕೇಡನ್ನ ದೇವರು ಮೇಲು ಮಾಡಿದ ಅಂತಾರೆ. ನಿಜಾನೇ, ಆದ್ರೆ ಅಣ್ಣಂದಿರು ಗುಂಡೀಗೆ ಹಾಕಿ, 17 ವರ್ಷಕ್ಕೆ ಮಾರಾಟ ಆದವನು ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ 30, ಆ ಮಾತು ಅವನ ಬಾಯಲ್ಲಿ ಬಂದಿದ್ದು ಅದಕ್ಕೂ ಎಷ್ಟೋ ಕಾಲ ಆದ್ಮೇಲೆ. ಗುಂಡೀಲಿದ್ದಾಗ ಅವನೂ ಅಂಗಲಾಚಿದ್ದ, ಆದಿಕಾಂಡ 42ರಲ್ಲಿ ಅಣ್ಣಂದಿರೇ ಅದನ್ನ ನೆನೆಸ್ಕೋತಾರೆ. ಗುಂಡೀಲಿರೋರ ಹತ್ರ ಮೇಲೆ ಬಂದೋರ ಮಾತು ಹೇಳ್ಸೋದು ನ್ಯಾಯ ಅಲ್ಲ.

ಇನ್ನೊಂದು, ನಮ್ಮ ಸಂತ ಅನ್ನಮ್ಮನ ಚರ್ಚ್ 1792ರದ್ದು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ತಪ್ಪಿಸ್ಕೊಂಡು ಬಂದ ಕ್ರೈಸ್ತರಿಗೆ ಇಲ್ಲಿ ನೆಲೆ ಕೊಟ್ಟಿದ್ದು ಕೊಡಗಿನ ರಾಜ ದೊಡ್ಡವೀರರಾಜೇಂದ್ರ, ಅವನು ಕ್ರೈಸ್ತ ಅಲ್ಲ. ದೇವರು ಯಾರ ಕೈಯಿಂದ ಕೊಡಿಸ್ತಾನೆ ಅನ್ನೋದು ಅವನಿಗೇ ಬಿಟ್ಟಿದ್ದು, ಅದಕ್ಕೇ ಚರ್ಚ್ ಜನರನ್ನ ಮಾತ್ರ ನಂಬ್ಕೊಂಡು ಕೂರ್ಬೇಡಿ, ಪಕ್ಕದ ತೋಟದವರು, ಸ್ತ್ರೀಶಕ್ತಿ ಸಂಘ, ಯಜಮಾನ್ರ ಹಳೇ ಎಸ್ಟೇಟ್ ಧಣಿ, ಸಂಕೋಚ ಬಿಟ್ಟು ಎಲ್ಲರ ಹತ್ರಾನೂ ಕೇಳಿ.

ಸೋಮವಾರಪೇಟೆ_ಸಿಸ್ಟರ್:

ಎಲ್ಲಾ ಓದಿದೆ, ಅವರಿಗೂ ಓದಿ ಹೇಳ್ದೆ. ಹಿಜ್ಕೀಯನ ಅಧ್ಯಾಯ ಇನ್ನೊಂದ್ಸಲ ಓದು ಅಂದ್ರು. ನಾಳೆ ಬೆಳಿಗ್ಗೆ ಫಸ್ಟ್ ಬಸ್ಸಿಗೇ ಮಡಿಕೇರಿಗೆ ಹೋಗ್ತಿದೀವಿ. ನನ್ನ ಮಗಳು ಒಂಬತ್ತನೇ ಕ್ಲಾಸು, ಅಪ್ಪನ್ನ ದೇವರು ಯಾಕೆ ವಾಸಿ ಮಾಡ್ತಿಲ್ಲ ಅಂತ ಕೇಳ್ತಾಳೆ, ಅವಳಿಗೆ ಏನ್ ಹೇಳ್ಲಿ?

ಜಂಬೂರು_ನಿವಾಸಿ:

ಗೊತ್ತಿಲ್ಲ ಅಂತಾನೇ ಹೇಳಿ ಅಕ್ಕ, ಆಮೇಲೆ ಸತ್ತ ಗೆಳೆಯ ಲಾಜರನ ಸಮಾಧಿ ಹತ್ರ ಯೇಸು ಅತ್ತಿದ್ದನ್ನ ಅವಳ ಜೊತೆ ಕೂತು ಓದಿ. ಅವನನ್ನ ಬದುಕಿಸಿ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತ. ನಾಳೆ ನಾನೂ ಮಡಿಕೇರೀಲೇ ಇರ್ತೀನಿ, ಎಷ್ಟೊತ್ತಿಗೆ ಮುಗಿಯತ್ತೆ ಅಂತ ಮೆಸೇಜ್ ಹಾಕಿ, ಊಟ ತಂದ್ಕೊಡ್ತೀನಿ.