ಒಹಾಯೊಪೈಲ್ ನದಿ ದಾರಿಗೆ ಅಪ್ಪ ಅಮ್ಮನನ್ನು ಯಾವಾಗ ಕರೆದುಕೊಂಡು ಹೋಗಲಿ?

ಶಿವಮೊಗ್ಗದ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಪಿಟ್ಸ್‌ಬರ್ಗ್‌ಗೆ ಬಂದು ಎಂಟು ತಿಂಗಳಾಯಿತು. ಅಪ್ಪ ಅಮ್ಮ ಏಪ್ರಿಲ್ ಕೊನೆಗೆ ಬರುತ್ತಿದ್ದಾರೆ, ಅಕ್ಟೋಬರ್‌ವರೆಗೆ ಇರುತ್ತಾರೆ. ಅಪ್ಪನಿಗೆ ದಿನಾ ವಾಕಿಂಗ್ ಅಭ್ಯಾಸ ಇದೆ. ಅಮ್ಮನಿಗೆ ಮಂಡಿ ನೋವು, ಏರು ಹತ್ತಲು ಆಗಲ್ಲ. ಒಹಾಯೊಪೈಲ್ ಊರಿನ ಹತ್ತಿರ ಗ್ರೇಟ್ ಅಲೆಗೇನಿ ಪ್ಯಾಸೇಜ್ ಅನ್ನುವ ನಡಿಗೆ, ಸೈಕಲ್ ದಾರಿ ತುಂಬಾ ಚೆನ್ನಾಗಿದೆ ಅಂತ ಆಫೀಸಿನಲ್ಲಿ ಹೇಳುತ್ತಾರೆ. ಒಂದೇ ಸಲ ಹೋಗುವುದಾದರೆ ಅಕ್ಟೋಬರ್‌ನಲ್ಲಿ, ಎಲೆ ಬಣ್ಣ ಬದಲಾಗುವಾಗ ಹೋಗಬೇಕಾ? ಅಮ್ಮ ನಡೆಯಬಹುದಾ?

ತುಂಗೆ_ದಡದವಳು:
ಅಮ್ಮ ಆರಾಮಾಗಿ ನಡೆಯಬಹುದು. ಅದು ಹಳೇ ರೈಲು ದಾರಿ. ಹಳಿ ತೆಗೆದು ಸುಣ್ಣಕಲ್ಲಿನ ಪುಡಿ ಹಾಸಿದ್ದಾರೆ. ರೈಲು ಕಡಿದಾದ ಏರು ಹತ್ತಲ್ಲ ಅಲ್ವಾ, ಹಾಗಾಗಿ ನಮಗೂ ಏರು ಇರುವುದೇ ಗೊತ್ತಾಗಲ್ಲ. ಒಹಾಯೊಪೈಲ್‌ನಿಂದ ಕಾನ್‌ಫ್ಲುಯೆನ್ಸ್ ಊರಿಗೆ 10 ಮೈಲಿ ಚಿಲ್ಲರೆ, ಯಾಕಗೇನಿ ನದಿಯ ಪಕ್ಕದಲ್ಲೇ. ಇಡೀ ದಾರಿಯಲ್ಲಿ ಮೊದಲು ಜನರಿಗೆ ತೆರೆದದ್ದು ಈ ತುಂಡೇ, 1986ರಲ್ಲಿ. ಪೂರ್ತಿ ನಡೆಯಬೇಕಾಗಿಲ್ಲ. ಒಂದು ಮೈಲಿ ಹೋಗಿ, ಕೂತು, ಚಿತ್ರಾನ್ನ ತಿಂದು ವಾಪಸ್ ಬನ್ನಿ.

ಆದರೆ ‘ಒಂದೇ ಸಲ’ ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ನಾನು ಹನ್ನೊಂದು ವರ್ಷದಿಂದ ಅದೇ ಎರಡು ಮೈಲಿ ನಡೆಯುತ್ತಿದ್ದೇನೆ. ಅಪ್ಪ ಅಮ್ಮ ಬಂದ ವಾರವೇ ಮೊದಲ ಸಲ ಹೋಗಿ. ಆಗ ಮರಗಳಲ್ಲಿ ಎಲೆ ತುಂಬಿರಲ್ಲ, ಬಿಸಿಲು ನೆಲದ ತನಕ ಬೀಳುತ್ತದೆ. ಆ ಕೆಲವೇ ವಾರದ ಬಿಸಿಲಿನಲ್ಲಿ ನೆಲದ ಹೂಗಳೆಲ್ಲ ಅರಳಿ ಮುಗಿದುಬಿಡುತ್ತವೆ. ಟ್ರಿಲಿಯಂ ಅಂತ ಒಂದಿದೆ. ಮೂರು ಎಲೆ, ನಡುವೆ ಮೂರು ಎಸಳಿನ ಬಿಳಿ ಹೂ. ನನ್ನ ಅಮ್ಮ ಬಗ್ಗಿ ನೋಡಿ, "ಬಿಲ್ವಪತ್ರೆ ಥರಾನೇ ಇದೆ ಕಣೇ" ಅಂದು ಕೈ ಚಾಚಿದರು. ಕೀಳಬೇಡಮ್ಮ ಅಂದೆ. ಬೀಜದಿಂದ ಹುಟ್ಟಿ ಹೂ ಬಿಡಲು ಅದಕ್ಕೆ ವರ್ಷಗಟ್ಟಲೆ ಬೇಕು. ಎರಡು ವಾರ ಬಿಟ್ಟು ಹೋದಾಗ ಅಮ್ಮ ಅದೇ ಗಿಡ ಹುಡುಕಿ ನಿಂತರು. ಬಿಳಿ ಹೂ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮನೆಗೆ ಬರುವ ತನಕ ಅದೇ ಮಾತು.

ಜುಲೈ ಮೊದಲಲ್ಲಿ ರೋಡೋಡೆಂಡ್ರಾನ್ ಅನ್ನುವ ಹೂವಿನ ಪೊದೆ ಅರಳುತ್ತದೆ. ದಾರಿ ಹೆಚ್ಚುಕಡಿಮೆ ಪೂರ್ತಿ ನೆರಳು. ಅಕ್ಟೋಬರ್ ಮಧ್ಯದ ಬಣ್ಣ ನೋಡಲೇಬೇಕು, ಆದರೆ ಶನಿವಾರ ಭಾನುವಾರ ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ರಜೆ ಹಾಕಿ ವಾರದ ಮಧ್ಯೆ ಬೆಳಗ್ಗೆ ಹೋಗಿ.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಉಣುಗು. ಮಂಗನ ಕಾಯಿಲೆಯ ಊರಿನ ಕಡೆಯವರು ನೀವು, ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಮೇನಿಂದ ಜುಲೈವರೆಗೆ ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ನನ್ನ ಅಪ್ಪನ ಮಂಡಿ ಹಿಂದೆ ಒಂದು ಕಚ್ಚಿಕೊಂಡಿತ್ತು, ಮಚ್ಚೆ ಅಂದುಕೊಂಡೆವು. ದೀಪದ ಕೆಳಗೆ ನೋಡಿದಾಗ ಕಾಲು ಆಡಿಸುತ್ತಿತ್ತು! ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲೆಳೆದೆ. ದಾರಿಯ ಮಧ್ಯದಲ್ಲೇ ನಡೆಯಿರಿ, ಹುಲ್ಲಿನಲ್ಲಿ ಕೂರಬೇಡಿ. ಮನೆಗೆ ಬಂದ ತಕ್ಷಣ ಸ್ನಾನ, ಮೈಯೆಲ್ಲ ನೋಡಿಕೊಳ್ಳುವುದು.

ಅವರು ಊರಿಗೆ ಹೋದ ಮೇಲೆ ಜನವರಿಯಲ್ಲಿ ನೀವೊಬ್ಬರೇ ಒಮ್ಮೆ ಹೋಗಿ. ರೋಡೋಡೆಂಡ್ರಾನ್ ಎಲೆ ಉದುರಲ್ಲ. ಚಳಿ ಜೋರಾದಾಗ ಒಂದೊಂದು ಎಲೆಯೂ ಬೀಡಿ ಸುತ್ತಿದ ಹಾಗೆ ಸುರುಳಿಯಾಗಿ ಜೋತು ಬೀಳುತ್ತದೆ. ಚಳಿ ಇಳಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಬಂಡೆಯಿಂದ ಜಿನುಗುವ ನೀರು ಆಳೆತ್ತರದ ಮಂಜುಗಡ್ಡೆಯಾಗಿ ನಿಂತಿರುತ್ತದೆ. ಬೇಸಿಗೆಯಲ್ಲಿ ಮರದ ಮರೆಯಲ್ಲಿದ್ದ ನದಿ ಆಗ ಉದ್ದಕ್ಕೂ ಕಾಣುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಆ ತಿಂಗಳೇ.

ಸೈಕಲ್_ಸವಾರ:
ಅಕ್ಕ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಒಹಾಯೊಪೈಲ್‌ನ ಹಳೇ ರೈಲು ನಿಲ್ದಾಣದಿಂದ ಕಾನೆಲ್ಸ್‌ವಿಲ್ ಕಡೆಗೂ ಸ್ವಲ್ಪ ನಡೆಯಿರಿ. ನದಿ ಅಲ್ಲಿ ಬಳಸಿ ತಿರುಗುವುದರಿಂದ ಒಂದೇ ನದಿಯನ್ನು ಎರಡು ಸೇತುವೆ ಮೇಲೆ ಎರಡು ಸಲ ದಾಟುತ್ತೀರಿ. ಎರಡನೆಯದು ತುಂಬಾ ಎತ್ತರ, ಕೆಳಗೆ ರಾಫ್ಟ್‌ಗಳು ಹೋಗುವುದು ಕಾಣುತ್ತದೆ. ಅಪ್ಪನಿಗೆ ಇಷ್ಟವಾಗುತ್ತದೆ.

ನೀವು ಸೈಕಲ್ ತುಳಿಯುವವರಾದರೆ ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲ್ಯಾಂಡ್‌ವರೆಗೆ ಪೂರ್ತಿ 150 ಮೈಲಿ ಮಾಡಿ. ನಾನು ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ತೆಗೆದುಕೊಂಡೆ. 2,392 ಅಡಿ ಎತ್ತರದಲ್ಲಿ ಒಂದು ಜಾಗ ಇದೆ. ಅದರ ಒಂದು ಬದಿಗೆ ಬಿದ್ದ ಮಳೆ ಮೆಕ್ಸಿಕೋ ಕೊಲ್ಲಿಗೆ, ಇನ್ನೊಂದು ಬದಿಯದು ಅಟ್ಲಾಂಟಿಕ್ ಕಡೆಗೆ. ನಮ್ಮ ಬಿಸಿಲೆ ಘಾಟಿ ನೆನಪಾಯಿತು. ಅದನ್ನು ದಾಟಿದರೆ ಬಿಗ್ ಸ್ಯಾವೇಜ್ ಸುರಂಗ, 3,294 ಅಡಿ ಉದ್ದ. ಚಳಿಗಾಲದಲ್ಲಿ ಅದರ ಬಾಗಿಲು ಮುಚ್ಚುತ್ತಾರೆ, ನೋಡಿಕೊಂಡು ಹೊರಡಿ.

ಶಿವಮೊಗ್ಗದ_ಹುಡುಗ:
ತುಂಬಾ ಥ್ಯಾಂಕ್ಸ್ ಅಕ್ಕ, ಸೈಕಲ್ ಅಣ್ಣನಿಗೂ. ಮೇ ಮೊದಲ ವಾರಕ್ಕೆ ಒಂದು ರಜೆ, ಅಕ್ಟೋಬರ್‌ಗೆ ಒಂದು ಈಗಲೇ ಕೇಳಿದೆ. ದಾರಿಯಲ್ಲಿ ಶೌಚಾಲಯ ಇದೆಯಾ? ಅಮ್ಮನ ಮೊದಲ ಪ್ರಶ್ನೆ ಅದೇ.

ತುಂಗೆ_ದಡದವಳು:
ಒಹಾಯೊಪೈಲ್ ಜಲಪಾತದ ಪಕ್ಕ ವಿಸಿಟರ್ ಸೆಂಟರ್‌ನಲ್ಲಿದೆ. ಅಲ್ಲೇ ಮುಗಿಸಿ ಹೊರಡಿ, ನಡುವೆ ಸಿಗುತ್ತದೆ ಅಂತ ನಂಬಬೇಡಿ. ಅಮ್ಮನಿಗೆ ಸ್ವೆಟರ್ ಇರಲಿ, ಮೇನಲ್ಲೂ ನದಿ ಗಾಳಿ ತಣ್ಣಗಿರುತ್ತದೆ. ಕಣಿವೆಯಲ್ಲಿ ಫೋನ್ ಸಿಗ್ನಲ್ ಸರಿಯಾಗಿ ಸಿಗಲ್ಲ. ಅಪ್ಪ ಮುಂದೆ ಮುಂದೆ ಹೋಗುವವರಾದರೆ ಎಲ್ಲಿ ಕಾಯಬೇಕು ಅಂತ ಮೊದಲೇ ಹೇಳಿಡಿ.