ತಂಗಿಗೆ ಕಾರವಾರದಲ್ಲಿ ಬಿಎಸ್ಸಿ ಸೀಟು ಸಿಕ್ಕಿದೆ, ಸ್ಕಾಲರ್‌ಶಿಪ್‌ಗೆ ಎಲ್ಲಿಂದ ಶುರು ಮಾಡಲಿ?

ತದಡಿಯಿಂದ ಒಬ್ಬ ಅಣ್ಣ ಕೇಳಿದ್ದು:

ನನ್ನ ತಂಗಿ ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದಳು, 91 ಪರ್ಸೆಂಟ್. ಕಾರವಾರದಲ್ಲಿ ಬಿಎಸ್ಸಿ ಸೀಟು ಸಿಕ್ಕಿದೆ. ಅಪ್ಪ ಬೋಟಿಗೆ ಹೋಗುತ್ತಾರೆ, ಅಮ್ಮ ಕುಮಟಾ ಪೇಟೆಯಲ್ಲಿ ಮೀನು ಮಾರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಬಂದ್. ಫೀಸು ಕಟ್ಟುವ ದಿನ ಬರುವುದೂ ಅದೇ ಹೊತ್ತಿಗೆ. ನಾನು ಹತ್ತನೇ ಕ್ಲಾಸಿಗೇ ಬಿಟ್ಟವನು, ಈ ಆನ್‌ಲೈನ್ ಅರ್ಜಿ ಗೊತ್ತಾಗುವುದಿಲ್ಲ. ಅವಳಿಗೆ ಏನೇನು ಸಿಗಬಹುದು? ಹಾಸ್ಟೆಲ್? ಓದುತ್ತಾ ಮಾಡುವ ಕೆಲಸ? ಅನುಭವ ಇದ್ದವರು ಹೇಳಿ.

ಬೇಲೆಕೇರಿಯ ಒಬ್ಬ ಅಕ್ಕ:

ತಮ್ಮಾ, ಅರ್ಜಿ ಹಾಕಲು ಈಗಲೇ ಓಡಬೇಡ. ಮೊದಲು ತಂಗಿಯ ಹತ್ತನೇ ಕ್ಲಾಸಿನ ಅಂಕಪಟ್ಟಿ, ಆಧಾರ್, ಜಾತಿ ಸರ್ಟಿಫಿಕೇಟ್, ಪಾಸ್‌ಬುಕ್ ನಾಲ್ಕನ್ನೂ ಮುಂದಿಟ್ಟುಕೊಂಡು ಕೂತುಕೋ. ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ, ಒಂದೊಂದೇ ಅಕ್ಷರ ನೋಡು. ನನ್ನ ಅಂಕಪಟ್ಟಿಯಲ್ಲಿ ‘ಹರಿಕಂತ್ರ’ ಅಂತಿತ್ತು, ಆಧಾರ್‌ನಲ್ಲಿ ‘ಹರಿಕಾಂತ’. ನಮ್ಮೂರಲ್ಲಿ ಎರಡೂ ಹೇಳುತ್ತಾರೆ. ಆದರೆ ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಎರಡು ಹೆಸರು ಕೂಡಲೇ ಇಲ್ಲ. ಆಧಾರ್ ತಿದ್ದಿಸಲು ಅಂಕೋಲಾಕ್ಕೆ ಮೂರು ಸಲ ಹೋದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಸಲ ಅವಕಾಶ. ಅದಕ್ಕೇ ಅಂಕಪಟ್ಟಿ ಕೈಯಲ್ಲಿ ಹಿಡಿದು, ಕಂಪ್ಯೂಟರ್ ಮುಂದೆ ಕೂತವರು ಟೈಪ್ ಮಾಡಿದ್ದನ್ನು ಓದಿ ನೋಡಿಯೇ ಒಪ್ಪಿಗೆ ಕೊಡಲಿ.

ಎರಡನೆಯದು ಬ್ಯಾಂಕ್. ಇದರಲ್ಲಿ ನಾನು ತುಂಬಾ ನೊಂದಿದ್ದೇನೆ. ಮೊದಲ ವರ್ಷ ನನ್ನ ಅರ್ಜಿ ಪಾಸಾಯಿತು, ಪೋರ್ಟಲ್‌ನಲ್ಲಿ ‘ಹಣ ಸಂದಾಯವಾಗಿದೆ’ ಅಂತ ಬಂತು. ಪಾಸ್‌ಬುಕ್ ಪ್ರಿಂಟ್ ಹಾಕಿಸಿದರೆ ಒಂದು ರೂಪಾಯಿ ಇಲ್ಲ. ಏಳು ತಿಂಗಳು ಅಲೆದೆ. ಕೊನೆಗೆ ಗೊತ್ತಾಯಿತು, ಎಂಟನೇ ಕ್ಲಾಸಿನಲ್ಲಿ ಶಾಲೆಯಿಂದ ಮಾಡಿಸಿದ್ದ ಹಳೇ ಖಾತೆಗೆ ದುಡ್ಡು ಹೋಗಿ ಕೂತಿತ್ತು. ಆ ಪಾಸ್‌ಬುಕ್ ಕೂಡ ಮನೆಯಲ್ಲಿ ಇರಲಿಲ್ಲ. ಆ ವರ್ಷದ ಫೀಸಿಗೆ ಅಮ್ಮ ಕಿವಿಯ ಓಲೆ ಅಡ ಇಟ್ಟಿದ್ದಳು.

ಖಾತೆಗೆ ಆಧಾರ್ ನಂಬರ್ ಸೇರಿಸುವುದು ಬೇರೆ. ಸರ್ಕಾರದ ದುಡ್ಡು ಈ ಖಾತೆಗೇ ಬರಲಿ ಅಂತ ಎನ್‌ಪಿಸಿಐನಲ್ಲಿ, ಅಂದರೆ ಎಲ್ಲ ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆಯಲ್ಲಿ, ಜೋಡಿಸುವುದು ಬೇರೆ. ‘ಲಿಂಕ್ ಆಗಿದೆ’ ಅಂತ ಕೌಂಟರ್‌ನಲ್ಲಿ ಹೇಳಿದರೆ ಅದನ್ನೇ ನಂಬಿ ಬರಬೇಡ. ಮೈ ಆಧಾರ್ ವೆಬ್‌ಸೈಟ್‌ನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಅಂತ ಇದೆ. ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಅಲ್ಲೇ ತೋರಿಸುತ್ತದೆ. ಬ್ಯಾಂಕಿನಲ್ಲಿ ಆಗದಿದ್ದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್‌ನಲ್ಲಿ ಹೊಸ ಖಾತೆ ಮಾಡಿಸು. ನನ್ನ ತಮ್ಮನಿಗೆ ಪೋಸ್ಟ್‌ಮನ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡು ಮಾಡಿಕೊಟ್ಟರು.

ನಾಡಕಚೇರಿಯ ಆದಾಯ ಸರ್ಟಿಫಿಕೇಟ್ 5 ವರ್ಷಕ್ಕೆ ಮುಗಿಯುತ್ತದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದಾದರೆ ತಾರೀಖು ನೋಡು. ಅದರ ಮೇಲಿರುವ ಆರ್‌ಡಿ ನಂಬರೇ ಅರ್ಜಿಗೆ ಬೇಕಾಗುವುದು.

ಕುಮಟಾದಿಂದ, ಈಗ ಎಂಎಸ್ಸಿ ಓದುತ್ತಿರುವವಳು:

ಹಾಸ್ಟೆಲ್‌ಗೆ ಅರ್ಜಿ ಬೇರೆಯೇ ಹಾಕಬೇಕು ಅಣ್ಣಾ, ಅದಕ್ಕೆ ಬೇರೆ ಪೋರ್ಟಲ್ ಇದೆ. ಸ್ಕಾಲರ್‌ಶಿಪ್‌ಗೆ ಹಾಕಿದರೆ ಹಾಸ್ಟೆಲ್ಲೂ ಬಂತು ಅಂತ ನಾನು ಸುಮ್ನೆ ಕೂತಿದ್ದೆ, ಒಂದು ವರ್ಷ ಹೋಯಿತು. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸೀಟು ಸಿಗದೇ ಹೋದರೆ ವಿದ್ಯಾಸಿರಿ ಕೇಳಬಹುದು. ನನಗೆ ಊಟ, ರೂಮಿನ ಖರ್ಚಿಗೆ ಅಂತ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ಬಂತು. ಆದರೆ ಅದು ಬರುವುದು ವರ್ಷದ ಕೊನೆಗೆ. ಮೊದಲ ಆರೇಳು ತಿಂಗಳ ಬಾಡಿಗೆ ಕೈಯಿಂದಲೇ ಹೋಗುತ್ತದೆ, ಅಷ್ಟು ಹೊಂದಿಸಿಕೊಂಡಿರಿ. ಬಸ್ಸಿನ ಚಿಂತೆ ಇಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಅಲ್ವಾ, ಶನಿವಾರ ಮನೆಗೆ ಬಂದು ಹೋಗಬಹುದು.

ಹೊನ್ನಾವರದಿಂದ, ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಟೇಬಲ್ ನೋಡಿಕೊಳ್ಳುವವರು:

91 ಪರ್ಸೆಂಟ್ ಇದ್ದರೆ ಕೇಂದ್ರದ್ದನ್ನೂ ನೋಡಿ. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಅಂತಲೇ ಒಂದು ಯೋಜನೆ ಇದೆ. ಡಿಗ್ರಿಗೆ ವರ್ಷಕ್ಕೆ 12,000, ಮನೆಯ ಆದಾಯ 4.5 ಲಕ್ಷದ ಒಳಗಿರಬೇಕು. ಅದರಲ್ಲಿ ‘80 ಪರ್ಸೆಂಟೈಲ್’ ಅಂತ ಬರೆದಿರುತ್ತಾರೆ. ಅದು 80 ಅಂಕ ಅಲ್ಲ. ಪಾಸಾದವರಲ್ಲಿ ಮೇಲಿನ ಐದನೇ ಒಂದು ಪಾಲಿನಲ್ಲಿ ಇರಬೇಕು ಅಂತ ಅರ್ಥ. ಪ್ರತಿ ವರ್ಷ ರಿನ್ಯೂವಲ್ ಮಾಡಿಸಬೇಕು, ಹಾಜರಿ 75 ಪರ್ಸೆಂಟ್ ಇರಬೇಕು.

ಇದನ್ನು ತೆಗೆದುಕೊಂಡರೆ ರಾಜ್ಯದ ಸ್ಕಾಲರ್‌ಶಿಪ್ ಜೊತೆಗೆ ತೆಗೆದುಕೊಳ್ಳುವ ಹಾಗಿಲ್ಲ. ಎರಡೂ ಕಡೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿ ಒಂದನ್ನು ಆರಿಸಿ. ಫೀಸು ವಾಪಸ್ ಮತ್ತು ವಿದ್ಯಾಸಿರಿ ಸೇರಿದರೆ ಕೆಲವರಿಗೆ ರಾಜ್ಯದ್ದೇ ಜಾಸ್ತಿ ಆಗುತ್ತದೆ.

ಇನ್ನೊಂದು ಮಾತು. ಅರ್ಜಿ ಸಬ್ಮಿಟ್ ಆದ ತಕ್ಷಣ ಮಕ್ಕಳು ಮುಗಿಯಿತು ಅಂದುಕೊಳ್ಳುತ್ತಾರೆ. ಆಮೇಲೆ ಕಾಲೇಜಿನಿಂದ ಪರಿಶೀಲನೆ ಆಗಬೇಕು. ಪ್ರಿಂಟ್ ತಂದುಕೊಟ್ಟವರದ್ದು ನಾನು ಅವತ್ತೇ ನೋಡುತ್ತೇನೆ. ತರದೇ ಇದ್ದವರದ್ದು ಕೊನೆಯ ದಿನ ಸರ್ವರ್ ನಿಂತಾಗ ಉಳಿದುಹೋಗಿದೆ, ಅದಕ್ಕೆ ನನಗೂ ಬೇಜಾರಿದೆ. ತಂಗಿಗೆ ಹೇಳಿ, ಪ್ರಿಂಟ್ ಹಿಡಿದುಕೊಂಡು ಆಫೀಸಿಗೆ ಹೋಗಲಿ, ಹಿಂಜರಿಯುವುದು ಬೇಡ.

ಶಿರಸಿಯಿಂದ, ಅಡಿಕೆ ತೋಟದ ಮನೆಯವರು:

ರೈತ ವಿದ್ಯಾನಿಧಿ ಬಗ್ಗೆ ಹೇಳುತ್ತೇನೆ. 2021ರಲ್ಲಿ ರೈತರ ಮಕ್ಕಳಿಗೆ ಶುರುವಾದದ್ದು. ಡಿಗ್ರಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500. ಅಪ್ಪನ ಹೆಸರಲ್ಲಿ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ನಂಬರ್, ಬೇಕು. ನಮ್ಮಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇತ್ತು. ಮಕ್ಕಳ ಅಪ್ಪ ಮೂವತ್ತು ವರ್ಷ ತೋಟ ಮಾಡಿದರೂ ಕಾಗದದಲ್ಲಿ ರೈತ ಆಗಲಿಲ್ಲ, ನನ್ನ ಮಗಳಿಗೆ ಎರಡು ವರ್ಷದ ದುಡ್ಡು ಸಿಗಲಿಲ್ಲ. ಈ ಕಡೆ ಒಟ್ಟು ಕುಟುಂಬದ ಮನೆಗಳಲ್ಲಿ ಇದೇ ತೊಂದರೆ ಜಾಸ್ತಿ. ಆಮೇಲೆ ಈ ಯೋಜನೆಯನ್ನು ಮೀನುಗಾರರ ಮಕ್ಕಳಿಗೂ ವಿಸ್ತರಿಸಿದರು. ನೀವು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ, ಅಪ್ಪನ ಕಾಗದ ಇಟ್ಟುಕೊಂಡು ಕೇಳಿ.

ಕೆಲಸದ ವಿಷಯಕ್ಕೆ ಬಂದರೆ, ನನ್ನ ಮಗ 2023ರ ಬೇಸಿಗೆ ರಜೆಯಲ್ಲಿ ನರೇಗಾದಲ್ಲಿ ಇಂಗುಗುಂಡಿ ತೆಗೆಯಲು ಹೋದ. ಆಗ ದಿನಕ್ಕೆ 316 ಇತ್ತು. 18 ತುಂಬಿತ್ತು, ಜಾಬ್ ಕಾರ್ಡಿನಲ್ಲಿ ಅವನ ಹೆಸರೂ ಇತ್ತು. ಮುಂದಿನ ಸೆಮಿಸ್ಟರ್‌ನ ಪುಸ್ತಕ ಆ ದುಡ್ಡಿನಲ್ಲೇ ಬಂತು.

ಕಾರವಾರದಿಂದ, ಅಪ್ರೆಂಟಿಸ್ ಮುಗಿಸಿದವನು:

ಓದುತ್ತಾ ಇರುವಾಗ ಸರ್ಕಾರದ ಕಡೆಯಿಂದ ಹೇಳಿಕೊಳ್ಳುವಂಥ ಕೆಲಸ ನನಗಂತೂ ಸಿಗಲಿಲ್ಲ. ಓದು ಮುಗಿದ ಮೇಲೆ ದಾರಿ ಇದೆ. ಕೈಗಾ ಸ್ಥಾವರ, ನೌಕಾನೆಲೆಯ ಹಡಗು ರಿಪೇರಿ ಯಾರ್ಡ್ ಎರಡರಲ್ಲೂ ಅಪ್ರೆಂಟಿಸ್ ತೆಗೆದುಕೊಳ್ಳುತ್ತಾರೆ, ಯಾರ್ಡ್‌ನಲ್ಲಿ ಐಟಿಐ ಆದವರೇ ಹೆಚ್ಚು. ಡಿಗ್ರಿಯವರು ನ್ಯಾಟ್ಸ್‌ನಲ್ಲಿ, ಅಂದರೆ ಕೇಂದ್ರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ, ಹೆಸರು ಹಾಕಿಡಬೇಕು. ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ಸ್ಟೈಪೆಂಡ್ ಅಂತ 2019ರಲ್ಲಿ ನಿಯಮ ಬಂತು. ಪಾಸಾಗಿ 180 ದಿನ ಆದರೂ ಕೆಲಸ ಸಿಗದಿದ್ದರೆ ಯುವನಿಧಿ ಇದೆ, ಪದವೀಧರರಿಗೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ಮುಂದೆ ಓದಲು ಹೋದವರಿಗೆ ಬರುವುದಿಲ್ಲ. ಈಗ ತಂಗಿ ಲ್ಯಾಬ್ ತಪ್ಪಿಸದೆ ಓದಲಿ. ಸಂಜೆ ಅಂಗಡಿ ಕೆಲಸಕ್ಕೆ ಹೋಗಿ ನಾನು ಎರಡು ಪೇಪರ್ ಉಳಿಸಿಕೊಂಡೆ, ಅವಳಿಗೆ ಹಾಗಾಗುವುದು ಬೇಡ.

ತದಡಿಯ ಅಣ್ಣ:

ಎಲ್ಲರಿಗೂ ನಮಸ್ಕಾರ. ರಾತ್ರಿ ತಂಗಿ ಕಾಗದ ಎಲ್ಲ ಚಾಪೆಯ ಮೇಲೆ ಹರವಿ ನೋಡಿದಳು. ಹೆಸರು ಸರಿ ಇದೆ. ಆದರೆ ಆಧಾರ್ ಜೋಡಣೆ ಆಗಿರುವುದು ಅಮ್ಮನ ಜೊತೆ ಮಾಡಿಸಿದ್ದ ಹಳೇ ಖಾತೆಗೆ, ಅದು ನಿಂತು ನಾಲ್ಕು ವರ್ಷ ಆಯಿತು. ಆದಾಯ ಸರ್ಟಿಫಿಕೇಟ್ ಬರುವ ತಿಂಗಳು ಮುಗಿಯುತ್ತದೆ. ನಾಳೆ ಬೆಳಿಗ್ಗೆ ಮೊದಲು ಪೋಸ್ಟ್ ಆಫೀಸು, ಅಲ್ಲಿಂದ ನಾಡಕಚೇರಿ. ಅಕ್ಕಾ, ಖಾತೆ ಹೊಸದಾದ ಮೇಲೆ ಸ್ಟೇಟಸ್ ನೋಡಿ ಇಲ್ಲೇ ಬರೆಯುತ್ತೇನೆ.